ಬೋರಿಬಂದರಿನ ಬಡ್ಡಿ ಲೆಕ್ಕ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಬ್ರಿಟಿಷರು ಏನೇ ಮಾಡಿರಲಿ, ರೈಲನ್ನಾದರೂ ಕೊಟ್ಟು ಹೋದರಲ್ಲ, ಅದನ್ನು ಒಪ್ಪಬೇಡವೇ ಎನ್ನುವುದು ಮೊದಲನೆಯದು. ಖಾಸಗಿ ಕಂಪನಿಗಳ ಕೈಯಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದ ರೈಲನ್ನು ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸರ್ಕಾರ ಯಾಕೆ ತನ್ನ ವಶಕ್ಕೆ ತೆಗೆದುಕೊಂಡಿತು ಎನ್ನುವುದು ಎರಡನೆಯದು. ಕೇಳುವವರಲ್ಲಿ ಡೊಂಬಿವಿಲಿಯಿಂದ ದಿನವೂ ಲೋಕಲ್ ಹಿಡಿದು ಬರುವ ಬ್ಯಾಂಕ್ ನೌಕರರಿದ್ದಾರೆ, ಹುಬ್ಬಳ್ಳಿಯ ಕಾಲೇಜು ಹುಡುಗರಿದ್ದಾರೆ, ನಿವೃತ್ತರಾಗಿ ಊರು ಸೇರಿದ ಹಿರಿಯರೂ ಇದ್ದಾರೆ. ಎರಡೂ ಪ್ರಶ್ನೆಗಳ ಉತ್ತರದ ಬೇರು ಒಂದೇ. ಅದರ ಬಹುಪಾಲು ಮುಂಬಯಿಯ ಫೋರ್ಟ್‌ನಲ್ಲೇ ಸಿಗುತ್ತದೆ. ನಾವಿನ್ನೂ ವೀಟಿ ಎಂದೇ ಕರೆಯುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅದರ ಎದುರಿನಿಂದ ಸಾಗುವ ದಾದಾಭಾಯಿ ನವರೋಜಿ ರಸ್ತೆ, ಆಚೆಗೆ ಟಂಕಸಾಲೆ, ರಿಸರ್ವ್ ಬ್ಯಾಂಕು, ದಲಾಲ್ ಸ್ಟ್ರೀಟು. ಇಷ್ಟು ಜಾಗದೊಳಗೆ ಭಾರತೀಯ ರೈಲ್ವೆಯ ಜಾತಕವೆಲ್ಲ ಅಡಗಿದೆ.

ಶಾಲೆಯಲ್ಲಿ ನಾವೆಲ್ಲ ಕಲಿತದ್ದು 1853ರ ಏಪ್ರಿಲ್ 16ರ ತಾರೀಖು. ಅಂದು ಮಧ್ಯಾಹ್ನ ಮೂರೂವರೆಗೆ, ಈಗ ವೀಟಿ ಇರುವ ಬೋರಿಬಂದರಿನಿಂದ ಠಾಣೆಗೆ 14 ಡಬ್ಬಿಗಳ ಗಾಡಿ ಹೊರಟಿತು. ಒಳಗೆ ಸುಮಾರು 400 ಮಂದಿ ಆಹ್ವಾನಿತರು, ಮುಂದೆ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು. ತೋಪಿನ ಗೌರವ ಸಿಕ್ಕಿತು, ಜನ ದಾರಿಯುದ್ದಕ್ಕೂ ನಿಂತು ನೋಡಿದರು. ಹೋದ ದೂರ 34 ಕಿಲೋಮೀಟರ್. ಇದೆಲ್ಲ ಸರಿ. ಆದರೆ ನನ್ನನ್ನು ಕೇಳಿದರೆ ಮಕ್ಕಳು ಬಾಯಿಪಾಠ ಮಾಡಬೇಕಾದ ತಾರೀಖು ಇನ್ನೊಂದಿದೆ, 1849ರ ಆಗಸ್ಟ್ 17. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದರೆ ಹಳಬರ ಬಾಯಲ್ಲಿ ಜಿ.ಐ.ಪಿ., ಈಸ್ಟ್ ಇಂಡಿಯಾ ಕಂಪನಿಯೊಡನೆ ಕರಾರು ಮಾಡಿಕೊಂಡ ದಿನ ಅದು. ಅದೇ ತಿಂಗಳ ಮೊದಲ ದಿನ ಬ್ರಿಟಿಷ್ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಈ ರೈಲು ಕಂಪನಿ ಹುಟ್ಟಿತ್ತು. ಎಂಜಿನ್ ಬರುವುದಕ್ಕೆ, ಹಳಿ ಬೀಳುವುದಕ್ಕೆ ಮೊದಲೇ ಬಡ್ಡಿಯ ಮಾತು ಮುಗಿದಿತ್ತು.

ಕರಾರಿನ ಸಾರ ಇಷ್ಟು. ಲಂಡನ್ನಿನ ಕಂಪನಿ ಅಲ್ಲಿನ ಜನರಿಂದ ಷೇರು ಹಣ ಎತ್ತುತ್ತದೆ. ಮೊದಲ ಪ್ರಾಯೋಗಿಕ ಮಾರ್ಗಕ್ಕೆ 5 ಲಕ್ಷ ಪೌಂಡು. ಆ ಹಣದ ಮೇಲೆ ವರ್ಷಕ್ಕೆ ಶೇಕಡಾ 5ರಂತೆ ಬಡ್ಡಿ ಸಿಗುವ ಖಾತರಿಯನ್ನು ಇಲ್ಲಿನ ಸರ್ಕಾರ ಕೊಡುತ್ತದೆ. ರೈಲು ಓಡಿ ಅಷ್ಟು ಲಾಭ ಬಂದರೆ ಸರಿ, ಬಾರದಿದ್ದರೆ ಕೊರತೆಯನ್ನು ಸರ್ಕಾರದ ಖಜಾನೆ ತುಂಬಿಕೊಡಬೇಕು. ಭೂಮಿಯನ್ನು 99 ವರ್ಷಕ್ಕೆ ಪುಕ್ಕಟೆಯಾಗಿ ಬಿಟ್ಟುಕೊಡಬೇಕು. ವ್ಯವಹಾರ ಬೇಡವೆನಿಸಿದರೆ ಕಂಪನಿ ಆರು ತಿಂಗಳ ನೋಟಿಸು ಕೊಟ್ಟು ಮಾರ್ಗವನ್ನು ಸರ್ಕಾರಕ್ಕೆ ಒಪ್ಪಿಸಿ, ಹಾಕಿದ ಬಂಡವಾಳ ವಾಪಸು ಪಡೆಯಬಹುದು. ಶೇಕಡಾ 5ನ್ನು ಮೀರಿ ಲಾಭ ಬಂದರೆ ಅದರಲ್ಲಿ ಅರ್ಧ ಹಿಂದಿನ ಖಾತರಿ ಬಾಕಿಗೆ ಹೋಗುತ್ತದೆ ಎಂಬ ಮಾತೂ ಇತ್ತು, ಆದರೆ ಮೊದಲ ದಶಕಗಳಲ್ಲಿ ಅಂಥ ಲಾಭ ಅಪರೂಪ. ಖಜಾನೆಗೆ ಹಣ ಎಲ್ಲಿಂದ ಬರುತ್ತದೆ? ಭೂಕಂದಾಯದಿಂದ, ಉಪ್ಪಿನ ತೆರಿಗೆಯಿಂದ. ಧಾರವಾಡದ ರೈತನೂ ರತ್ನಾಗಿರಿಯ ಕೂಲಿಯೂ ತಾವು ಕಂಡೇ ಇರದ ರೈಲಿನ ಷೇರುದಾರರಿಗೆ ಬಡ್ಡಿ ಕಟ್ಟಿದರು. ಹಾಗಾದರೆ ಷೇರುದಾರರಲ್ಲಿ ಭಾರತೀಯರು ಎಷ್ಟಿದ್ದರು? 1860ರ ದಶಕದ ಕೊನೆಗೆ, ದೇಶದ ಎಲ್ಲ ಖಾತರಿ ಕಂಪನಿಗಳನ್ನು ಒಟ್ಟು ಸೇರಿಸಿದರೂ, ನೂರಕ್ಕೆ ಒಬ್ಬರೂ ಇರಲಿಲ್ಲ.

ಮುಂಬಯಿಯ ವರ್ತಕರಿಗೆ ರೈಲಿನ ಆಸೆ ಇರಲಿಲ್ಲ ಎಂದು ಇದರರ್ಥವಲ್ಲ. 1845ರಲ್ಲೇ ಜಗನ್ನಾಥ ಶಂಕರಶೇಟರೂ ಸರ್ ಜಮಶೇಟ್‌ಜಿ ಜೀಜೀಭಾಯಿಯವರೂ ರೈಲಿಗಾಗಿ ಸಂಘ ಕಟ್ಟಿ ಓಡಾಡಿದ್ದರು. ಅವರಿಬ್ಬರ ಮುಖಗಳನ್ನು ವೀಟಿಯ ಗೋಡೆಯ ಉಬ್ಬುಶಿಲ್ಪದಲ್ಲಿ ಇಂದಿಗೂ ನೋಡಬಹುದು. ದಿನವೂ ಲಕ್ಷಾಂತರ ಜನ ಅದರ ಕೆಳಗೆ ಹಾದುಹೋಗುತ್ತಾರೆ, ತಲೆಯೆತ್ತಿ ನೋಡುವವರು ಕಡಿಮೆ. ನೀವೊಮ್ಮೆ ನೋಡಿ ಎಂದು ನನ್ನ ಬಿನ್ನಹ. ಕಂಪನಿಯಲ್ಲಿ ಅವರಿಗೆ ಸ್ಥಾನವೇನೋ ಸಿಕ್ಕಿತು. ಆದರೆ ಕಂಪನಿಯ ಮೂಲ ಮಂಡಳಿ ಕುಳಿತದ್ದು ಲಂಡನ್ನಿನಲ್ಲಿ. ಹಳಿ ಯಾವ ಕಾರ್ಖಾನೆಯಿಂದ ಬರಬೇಕು, ಎಂಜಿನ್ ಯಾರು ಮಾಡಬೇಕು, ಮೇಲಿನ ಹುದ್ದೆ ಯಾರಿಗೆ ಎಂಬುದು ಅಲ್ಲಿ ತೀರ್ಮಾನವಾಗುತ್ತಿತ್ತು.

ಲಂಡನ್ನಿಗೆ ರೈಲು ಯಾಕೆ ಬೇಕಿತ್ತು ಎನ್ನುವಲ್ಲಿ ನಮ್ಮ ಕನ್ನಡ ನಾಡು ಬರುತ್ತದೆ. ಈ ಕಂಪನಿಯ ಕಲ್ಪನೆಗೆ ಮೂಲಪುರುಷನಾದ ಜಾನ್ ಚಾಪ್ಮನ್ 1851ರಲ್ಲಿ ಬರೆದ ಪುಸ್ತಕದ ವಿಷಯ ಭಾರತದ ಹತ್ತಿ ಮತ್ತು ವ್ಯಾಪಾರ. ಮ್ಯಾಂಚೆಸ್ಟರಿನ ಗಿರಣಿಗಳು ಅಮೆರಿಕದ ಹತ್ತಿಯೊಂದನ್ನೇ ನೆಚ್ಚಿ ಕೂತಿದ್ದವು. ದಖ್ಖನ್ನಿನ ಕರಿಮಣ್ಣಿನ ಹತ್ತಿ ಮುಂಬಯಿ ಬಂದರಿಗೆ ಬೇಗ ಇಳಿದರೆ ಆ ಚಿಂತೆ ಕಳೆಯುತ್ತದೆ ಎಂದು ಅಲ್ಲಿನ ಧಣಿಗಳು ಲೆಕ್ಕ ಹಾಕಿದರು. ಈಗ ಹಾರ್ನಿಮನ್ ಸರ್ಕಲ್ ಇರುವ ಬಯಲಿನಲ್ಲಿ ಒಂದು ಕಾಲಕ್ಕೆ ಹತ್ತಿಯ ಅಂಡಿಗೆಗಳು ಗುಡ್ಡೆ ಬೀಳುತ್ತಿದ್ದವು. 1844ರಲ್ಲಿ ಆ ಮಾರುಕಟ್ಟೆ ಕೊಲಾಬಾಕ್ಕೆ ಹೋಯಿತು. ಅಲ್ಲಿಗೆ ಬರುತ್ತಿದ್ದ ಸರಕಿನಲ್ಲಿ ಧಾರವಾಡ ಸೀಮೆಯ ಹತ್ತಿಗೆ ದೊಡ್ಡ ಪಾಲಿತ್ತು. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ನಮ್ಮ ಕುಮಟೆಗೆ ಬಂದು, ಅಲ್ಲಿಂದ ಪತ್ತೇಮಾರಿ ಹಡಗು ಏರಿ ಮುಂಬಯಿ ಸೇರುವ ಆ ಹತ್ತಿಗೆ ಪೇಟೆಯಲ್ಲಿ ಕುಮಟಾ ಎಂದೇ ಹೆಸರು. ಕುಮಟೆಯಲ್ಲಿ ಒಂದು ಹತ್ತಿ ಗಿಡವೂ ಬೆಳೆಯುವುದಿಲ್ಲ. ಆದರೂ ಅಲ್ಲಿಂದ ಬಂದ ನನಗೆ ಆ ಹೆಸರಿನ ಬಗ್ಗೆ ಇಂದಿಗೂ ಅಭಿಮಾನ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಕಂಗಾಲಾಯಿತು, ಫೋರ್ಟಿನ ದಲಾಲರ ಮನೆಯಲ್ಲಿ ಹಣ ಹೊಳೆಯಾಗಿ ಹರಿಯಿತು. ಕಾರವಾರದಲ್ಲಿ ಬಂದರು ಬೆಳೆಸಬೇಕೆಂಬ ಒತ್ತಾಯ ಇಂಗ್ಲೆಂಡಿನಿಂದಲೇ ಬಂತು. ಆ ಅನುಕೂಲಕ್ಕಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಜಿಲ್ಲೆಯ ಗಡಿಯನ್ನು ಎಳೆದದ್ದು ಹತ್ತಿಯ ದರ. ಆ ಹೊತ್ತಿನಲ್ಲಿ ಜಿ.ಐ.ಪಿ.ಯ ರೈಲು ಎಲ್ಲಿತ್ತು? ಭೋರ್ ಘಾಟ್ ಮುಗಿದದ್ದು 1863ರ ಮೇ ತಿಂಗಳಿನಲ್ಲಿ, ಥಳ್ ಘಾಟ್ ಮುಗಿದದ್ದು 1865ರ ಜನವರಿ ಮೊದಲ ತಾರೀಖು. ಕೆಲವೇ ತಿಂಗಳಲ್ಲಿ ಯುದ್ಧ ನಿಂತು ಹತ್ತಿಯ ಬೆಲೆ ಕುಸಿಯಿತು, ಮುಂಬಯಿಯ ಷೇರು ಹುಚ್ಚು ಇಳಿದು ಎಷ್ಟೋ ಮನೆತನಗಳು ದಿವಾಳಿಯಾದವು. ಕಾರವಾರಕ್ಕಂತೂ ಆಗ ರೈಲು ಬರಲೇ ಇಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ಭೋರ್ ಘಾಟಿನ ಬಗ್ಗೆ ಇಲ್ಲಿ ನಿಲ್ಲದೆ ಮುಂದೆ ಹೋಗಲು ಮನಸ್ಸಿಲ್ಲ. ಪುಣೆಗೆ ಹೋಗುವಾಗ ಕರ್ಜತ್ ದಾಟಿ ಹಿಂದಿನಿಂದ ಎಂಜಿನ್ ಹಚ್ಚಿಸಿಕೊಂಡು ಗಾಡಿ ಸುರಂಗಗಳನ್ನು ಹೊಕ್ಕು ಹೊರಡುತ್ತದಲ್ಲ, ಆಗ ಕಿಟಕಿಯ ಆಚೆ ಜಲಪಾತ ನೋಡುವುದರಲ್ಲಿ ನಾವೆಲ್ಲ ಮೈಮರೆಯುತ್ತೇವೆ. 1856ರಿಂದ ಏಳು ವರ್ಷ ಅಲ್ಲಿ ಕೆಲಸ ನಡೆಯಿತು. 25 ಸುರಂಗ, 1,800 ಅಡಿಗೂ ಮೀರಿದ ಏರು. ಕೆಲಸ ಬಿರುಸಾಗಿದ್ದಾಗ ಒಂದೇ ಸಮಯಕ್ಕೆ 40,000ಕ್ಕೂ ಹೆಚ್ಚು ಕೂಲಿಗಳು ದುಡಿದರು. ಹಗ್ಗ ಕಟ್ಟಿಕೊಂಡು ಬಂಡೆಯ ಮೈಗೆ ಜೋತುಬಿದ್ದು ಮದ್ದಿನ ಕುಳಿ ಕೊರೆದವರು ಅವರು. ಕಾಲರಾ, ಜ್ವರ, ಸಿಡಿತ, ಕುಸಿತ ಇವುಗಳಿಗೆ ಬಲಿಯಾದವರು ಸಾವಿರಾರು ಜನ. ಸುಮಾರು 25,000 ಎಂಬ ಅಂದಾಜೂ ಇದೆ. ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವನ ಹೆಂಡತಿ ಆಲಿಸ್ ಆ ಗುತ್ತಿಗೆಯನ್ನು ನಡೆಸಿ ಮುಗಿಸಿದಳು. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಘಾಟ್ ಪೂರ್ತಿಯಾಗುವುದನ್ನು ನೋಡದೆ 1862ರಲ್ಲಿ ತೀರಿಕೊಂಡ. ಇವರ ಹೆಸರುಗಳು ದಾಖಲೆಯಲ್ಲಿವೆ, ಇರಬೇಕು ಕೂಡ. ಕೂಲಿಗಳ ಹೆಸರು ಎಲ್ಲೂ ಇಲ್ಲ. ರೈಲು ಯಾರ ಕೊಡುಗೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಹೆಸರಿಲ್ಲದವರನ್ನು.

ಖಾತರಿಯ ಇನ್ನೊಂದು ಫಲವನ್ನೂ ಈ ಘಾಟ್‌ನಲ್ಲೇ ಕಾಣಬಹುದು. ಮಾರ್ಗ ತೆರೆದು ನಾಲ್ಕು ವರ್ಷವಾಗುವಷ್ಟರಲ್ಲಿ, 1867ರ ಮಳೆಗಾಲದಲ್ಲಿ, ಮಾವ್‌ಕಿ ಮಲ್ಲಿ ಎಂಬಲ್ಲಿನ ದೊಡ್ಡ ಕಲ್ಲು ಸೇತುವೆ ಕುಸಿದುಬಿತ್ತು. ಗಾರೆ ಕೆಲಸ ಕಳಪೆಯಾಗಿತ್ತು. ಸೇತುವೆಗಳನ್ನು ಮತ್ತೆ ಕಟ್ಟಬೇಕಾಯಿತು, ಖರ್ಚು ಮತ್ತೆ ಬಂಡವಾಳದ ಲೆಕ್ಕಕ್ಕೆ ಸೇರಿತು, ಅದರ ಮೇಲೂ ಬಡ್ಡಿ ಓಡಿತು. ನಿರ್ಮಾಣಕ್ಕೆ ಎಷ್ಟು ಹೆಚ್ಚು ಸುರಿದರೂ ಶೇಕಡಾ 5 ತಪ್ಪುವುದಿಲ್ಲ ಎಂದಾದ ಮೇಲೆ ಉಳಿತಾಯ ಮಾಡುವ ಗರಜು ಯಾರಿಗೆ? ಒಂದು ಮೈಲಿಗೆ 8,000 ಪೌಂಡಿನಲ್ಲಿ ಮುಗಿಯುತ್ತದೆ ಎಂದಿದ್ದ ಕೆಲಸಕ್ಕೆ ದೇಶದಾದ್ಯಂತ ಅದರ ಎರಡು ಪಟ್ಟಿಗೂ ಮೀರಿ ಹಿಡಿಯಿತು. ಕಲ್ಕತ್ತೆಯಲ್ಲಿ ಹಣಕಾಸಿನ ಸದಸ್ಯರಾಗಿದ್ದ ವಿಲಿಯಂ ಮ್ಯಾಸಿ 1872ರಲ್ಲಿ ಪಾರ್ಲಿಮೆಂಟರಿ ಸಮಿತಿಯ ಮುಂದೆ ಹೇಳಿದ್ದರ ತಾತ್ಪರ್ಯ ಹೀಗಿದೆ: ಬಡ್ಡಿ ಖಚಿತವಾಗಿರುವ ಸಾಹುಕಾರನಿಗೆ ತನ್ನ ಹಣ ಹೂಗ್ಲಿ ನದಿಗೆ ಬಿದ್ದರೂ ಒಂದೇ, ಇಟ್ಟಿಗೆ ಗಾರೆಯಾದರೂ ಒಂದೇ. ಈ ಮಾತು ಚಳವಳಿಗಾರನದಲ್ಲ, ಆ ಸರ್ಕಾರದ ಖಜಾನೆಯ ಕೀಲಿಕೈ ಹಿಡಿದಿದ್ದವನದು.

ವೀಟಿಯಿಂದ ಹೊರಬಿದ್ದು ಫ್ಲೋರಾ ಫೌಂಟನ್ ಕಡೆಗೆ ನಡೆದರೆ ಆ ರಸ್ತೆಯ ಇನ್ನೊಂದು ತುದಿಯಲ್ಲಿ ದಾದಾಭಾಯಿ ನವರೋಜಿಯವರ ಪ್ರತಿಮೆ ಇದೆ. ಹಳೆಯ ಹಾರ್ನ್‌ಬಿ ರಸ್ತೆಗೆ ಈಗ ಅವರದೇ ಹೆಸರು. ರೈಲಿನ ಮಹಾಸೌಧದ ಎದುರಿನಿಂದಲೇ ಅದರ ಲೆಕ್ಕವನ್ನು ಮೊದಲು ಬಯಲಿಗೆ ತಂದವರ ರಸ್ತೆ ಹೊರಡುವುದು ಎಷ್ಟು ಉಚಿತ! ನವರೋಜಿಯವರಿಗೆ ರೈಲು ಬೇಡವಾಗಿರಲಿಲ್ಲ. ಬೇರೆ ದೇಶಗಳಲ್ಲಿ ರೈಲಿಗೆ ಸಾಲ ತಂದರೆ ಬಡ್ಡಿ ಹೊರಗೆ ಹೋಗಬಹುದು, ಆದರೆ ಸಂಬಳ, ಗುತ್ತಿಗೆ, ಲಾಭ ಎಲ್ಲ ಊರೊಳಗೇ ಉಳಿಯುತ್ತವೆ. ಇಲ್ಲಿ ಬಡ್ಡಿಯೂ ಇಂಗ್ಲೆಂಡಿಗೆ, ಎಂಜಿನ್ನಿನ ಬೆಲೆಯೂ ಇಂಗ್ಲೆಂಡಿಗೆ, ದೊಡ್ಡ ಹುದ್ದೆಗಳ ಸಂಬಳವೂ ಯುರೋಪಿಯನ್ನರಿಗೆ ಎಂದು ಅವರು ವಾದಿಸಿದರು. ವಾದಕ್ಕೆ ಆಧಾರ ಗಟ್ಟಿಯಾಗಿತ್ತು. ಅಜ್ಮೇರಿನ ಕಾರ್ಯಾಗಾರ 1895ರಲ್ಲೇ ಪೂರ್ತಿ ಎಂಜಿನ್ ಕಟ್ಟಿ ತೋರಿಸಿದ್ದರೂ, 1941ರ ತನಕ ಬ್ರಿಟನ್ನಿನಿಂದ ತರಿಸಿದ ಎಂಜಿನ್‌ಗಳು ಸುಮಾರು 12,000, ಇಲ್ಲಿ ಕಟ್ಟಿದವು ಸುಮಾರು 700 ಮಾತ್ರ. ಚಿತ್ತರಂಜನ್ ಕಾರ್ಖಾನೆ ಶುರುವಾಗಲು 1950 ಬರಬೇಕಾಯಿತು.

ಇದಕ್ಕೆ ರೂಪಾಯಿಯ ಕುಸಿತವೂ ಸೇರಿಕೊಂಡಿತು. ಸ್ವಲ್ಪ ತಾಳ್ಮೆಯಿಂದ ಓದಿ, ಲೆಕ್ಕ ಕಷ್ಟದ್ದಲ್ಲ. ಆಗಿನ ರೂಪಾಯಿ ಬೆಳ್ಳಿಯದು, ಪೌಂಡು ಚಿನ್ನದ್ದು. 1870ರ ಸುಮಾರಿಗೆ ಒಂದು ಪೌಂಡಿಗೆ ಹತ್ತು ರೂಪಾಯಿ. ಬಡ್ಡಿಯನ್ನು ಲಂಡನ್ನಿನಲ್ಲಿ ಪೌಂಡಿನ ಲೆಕ್ಕದಲ್ಲಿ ಕೊಡಬೇಕು. 100 ಪೌಂಡಿನ ಷೇರಿಗೆ ವರ್ಷಕ್ಕೆ 5 ಪೌಂಡು, ಅಂದರೆ 50 ರೂಪಾಯಿ. ಜಗತ್ತಿನಲ್ಲಿ ಬೆಳ್ಳಿ ಅಗ್ಗವಾಗುತ್ತ ಹೋಗಿ 1890ರ ದಶಕದಲ್ಲಿ ಒಂದು ಪೌಂಡಿಗೆ 17 ರೂಪಾಯಿಯಷ್ಟಾಯಿತು. ಅದೇ 5 ಪೌಂಡು ಕಟ್ಟಲು ಈಗ 85 ರೂಪಾಯಿ ಬೇಕು. ರೈಲಿನ ಆದಾಯವೆಲ್ಲ ರೂಪಾಯಿಯಲ್ಲೇ ಬರುತ್ತಿದ್ದುದರಿಂದ ಗಾಡಿ ಎಷ್ಟು ತುಂಬಿ ಓಡಿದರೂ ಕೊರತೆ ಕೊರತೆಯೇ. ಕೊನೆಗೆ 1893ರಲ್ಲಿ, ಯಾರು ಬೇಕಾದರೂ ಬೆಳ್ಳಿ ತಂದು ನಾಣ್ಯ ಹೊಡೆಸಿಕೊಳ್ಳಬಹುದೆಂಬ ಪದ್ಧತಿಯನ್ನೇ ಸರ್ಕಾರ ನಿಲ್ಲಿಸಿತು. ಆ ಬಾಗಿಲು ಮುಚ್ಚಿದ ಟಂಕಸಾಲೆಗಳಲ್ಲಿ ಒಂದು ಫೋರ್ಟಿನಲ್ಲಿ, ರಿಸರ್ವ್ ಬ್ಯಾಂಕಿನ ಬದಿಯಲ್ಲಿ ಇಂದಿಗೂ ಇದೆ. ಲಂಡನ್ನಿಗೆ ಕಟ್ಟಬೇಕಾದ ಹಣದಲ್ಲಿ ರೈಲಿನ ಬಡ್ಡಿಯೊಂದೇ ಇರಲಿಲ್ಲ, ಪಿಂಚಣಿ, ಸೈನ್ಯದ ಖರ್ಚು ಎಲ್ಲವೂ ಇದ್ದವು. ಆದರೆ ರೈಲಿನ ಪಾಲು ಸಣ್ಣದಾಗಿರಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಂದ ಹೊರಡುತ್ತದೆ. ರೈಲು ಸರ್ಕಾರಿಯಾಗತೊಡಗಿದ್ದು ಬ್ರಿಟಿಷರ ಕಾಲದಲ್ಲೇ, ಬ್ರಿಟಿಷರ ಕೈಯಿಂದಲೇ. ಲಾಭವೆಲ್ಲ ಕಂಪನಿಗಳಿಗೆ, ನಷ್ಟವೆಲ್ಲ ಸರ್ಕಾರಕ್ಕೆ ಎಂಬ ಅರ್ಥದ ಟಿಪ್ಪಣಿಯನ್ನು ವೈಸ್‌ರಾಯ್ ಲಾರೆನ್ಸ್ 1869ರಲ್ಲಿ ಬರೆದಿಟ್ಟ. ಅಲ್ಲಿಂದ ಸರ್ಕಾರ ತಾನೇ ಸಾಲ ಎತ್ತಿ ತಾನೇ ಮಾರ್ಗ ಕಟ್ಟಲು ಶುರುಮಾಡಿತು. ಖರ್ಚು ಉಳಿಸಲೆಂದು 1870ರಲ್ಲಿ ಮೀಟರ್ ಗೇಜ್ ಆರಿಸಿಕೊಂಡಿತು. ಈ ನಿರ್ಧಾರದ ಭಾರವನ್ನು ನನ್ನ ತಲೆಮಾರಿನವರು ನಿಜಕ್ಕೂ ಹೊತ್ತಿದ್ದೇವೆ. ಕುಮಟೆಯಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿ ಮೀಟರ್ ಗೇಜ್ ಗಾಡಿ ಹತ್ತಿ, ಮೀರಜ್‌ನಲ್ಲಿ ಟ್ರಂಕು, ಹಾಸಿಗೆ, ಅಮ್ಮ ಕಟ್ಟಿಕೊಟ್ಟ ಕೊಬ್ಬರಿ ಎಣ್ಣೆಯ ಡಬ್ಬಿ ಎಲ್ಲ ಇಳಿಸಿಕೊಂಡು ಇನ್ನೊಂದು ಪ್ಲಾಟ್‌ಫಾರ್ಮಿಗೆ ಓಡಿ ಬ್ರಾಡ್ ಗೇಜ್ ಗಾಡಿಯಲ್ಲಿ ಜಾಗ ಹಿಡಿಯಬೇಕಿತ್ತು. ನಡುರಾತ್ರಿಯಲ್ಲಿ ಮಕ್ಕಳನ್ನು ಎಬ್ಬಿಸಿಕೊಂಡು ಹೋಗುತ್ತಿದ್ದ ತಾಯಂದಿರ ಮುಖ ಇನ್ನೂ ಕಣ್ಣ ಮುಂದಿದೆ. ಹಳಿ ಅಲ್ಲೇ ಯಾಕೆ ಬದಲಾಗುತ್ತದೆ ಎಂದು ಆಗ ಯಾರೂ ಹೇಳಲಿಲ್ಲ. ಖಾತರಿ ಬಡ್ಡಿ ಕಟ್ಟಿ ಸೋತ ಖಜಾನೆ ಅಗ್ಗದ ಹಳಿ ಹುಡುಕಿತ್ತು, ಅದರ ಗಡಿ ಮೀರಜ್‌ಗೆ ಬಂದು ನಿಂತಿತ್ತು.

ನಮ್ಮ ಸೀಮೆಗೆ ಆ ಮೀಟರ್ ಗೇಜ್ ಬಂದದ್ದಾದರೂ ಹೇಗೆ? 1876ರಿಂದ 78ರವರೆಗಿನ ಡೌಗಿ ಬರದಲ್ಲಿ ಧಾರವಾಡ, ಕಲಾದಗಿ, ಬಳ್ಳಾರಿ, ಮೈಸೂರು ಸೀಮೆಗಳಲ್ಲಿ ಜನ ಲಕ್ಷಗಟ್ಟಲೆ ಸತ್ತರು. ಧಾನ್ಯ ಸಾಗಿಸಲು ರೈಲು ಬೇಕೆಂದು 1880ರ ಕ್ಷಾಮ ಆಯೋಗ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಮತ್ತೆ ಖಾತರಿಯ ಮೇಲೆಯೇ, ಆದರೆ ಈ ಸಲ ಬಡ್ಡಿ ಕಡಿಮೆ. ಹುಬ್ಬಳ್ಳಿ ಅದರ ದೊಡ್ಡ ಜಂಕ್ಷನ್ ಆಯಿತು. ಅಲ್ಲಿಂದ ಹಳಿ ಕ್ಯಾಸಲ್‌ರಾಕ್ ಮೂಲಕ ಗೋವೆಯ ಮಾರ್ಮಗೋವಾ ಬಂದರಿಗೆ ಇಳಿಯಿತು. ಕಾರವಾರ ಕಾಯುತ್ತಲೇ ಉಳಿಯಿತು, ಕುಮಟೆಯ ಹತ್ತಿ ವ್ಯಾಪಾರ ಬತ್ತಿಹೋಯಿತು. ರೈಲು ಬಂದ ಊರು ಬೆಳೆಯಿತು ಎಂಬುದನ್ನು ನಾವು ಹೇಳುತ್ತಲೇ ಇರುತ್ತೇವೆ. ರೈಲು ಪಕ್ಕಕ್ಕೆ ಹೋದದ್ದರಿಂದ ಬಡವಾದ ಬಂದರುಗಳ ಮಾತು ಆಡುವವರು ಕಡಿಮೆ.

ಇನ್ನು ಫೋರ್ಟಿನ ಜಿ.ಐ.ಪಿ.ಯ ವಿಷಯ. 1900ರ ಜೂನ್ ಕೊನೆಗೆ ಸರ್ಕಾರ ಅದನ್ನು ಕೊಂಡುಕೊಂಡಿತು. ಒಡೆತನ ಸರ್ಕಾರದ್ದಾಯಿತು, ನಡೆಸುವ ಗುತ್ತಿಗೆ ಮಾತ್ರ ಕಂಪನಿಯಲ್ಲೇ ಉಳಿಯಿತು. ಬೆಲೆಯನ್ನು ಒಂದೇ ಗಂಟಿನಲ್ಲಿ ಕೊಡದೆ ವರ್ಷಾಶನವಾಗಿ ಕೊಡುವ ಏರ್ಪಾಡಾಯಿತು. ಅದು ಮುಗಿಯಬೇಕಾದ ವರ್ಷ 1948, ಮೂಲ ಕರಾರಿಗೆ 99 ತುಂಬುವ ವರ್ಷ. ದೇಶ ಸ್ವತಂತ್ರವಾದ ಮೇಲೂ ಒಂದು ವರ್ಷ! ಕೊಡುಗೆ ಎನ್ನುವ ಮಾತಿಗೆ ನನ್ನ ಆಕ್ಷೇಪ ಇಷ್ಟೇ: ಕಂತು ಕಟ್ಟಿ ತೀರಿಸಿದ್ದನ್ನು ಕೊಂಡದ್ದು ಎನ್ನುತ್ತಾರೆ. ಅದೂ ಕೊಂಡವರನ್ನು ಕೇಳದೆ ನಿಗದಿ ಮಾಡಿದ ಬೆಲೆಗೆ.

1920ರಲ್ಲಿ ಸರ್ ವಿಲಿಯಂ ಅಕ್‌ವರ್ತ್ ಅಧ್ಯಕ್ಷತೆಯ ಸಮಿತಿ ಕೂತಿತು. ಮುಂಬಯಿಯ ಹತ್ತಿ ವರ್ತಕ ಪುರುಷೋತ್ತಮದಾಸ್ ಠಾಕೂರದಾಸ್, ವಿ. ಎಸ್. ಶ್ರೀನಿವಾಸ ಶಾಸ್ತ್ರಿ, ರಾಜೇಂದ್ರನಾಥ ಮುಖರ್ಜಿ ಅದರಲ್ಲಿದ್ದರು. ರೈಲನ್ನು ಸರ್ಕಾರವೇ ನಡೆಸಬೇಕೇ ಎಂಬ ಬಗ್ಗೆ ಸಮಿತಿಯಲ್ಲಿ ಒಮ್ಮತ ಬರಲಿಲ್ಲ, ಅಕ್‌ವರ್ತ್ ಸರ್ಕಾರಿ ಆಡಳಿತದ ಪರ ನಿಂತರು. ಕೇಂದ್ರ ಶಾಸನಸಭೆಯ ಭಾರತೀಯ ಸದಸ್ಯರು ಅದನ್ನೇ ಹಿಡಿದು ಒತ್ತಾಯಿಸಿದರು. ಸರಕಿನ ದರದಲ್ಲಿ ಬಂದರಿಗೆ ಹೋಗುವ ಮಾಲಿಗೆ ರಿಯಾಯಿತಿ, ದೇಶದ ಒಳಗೇ ಸಾಗುವ ಮಾಲಿಗೆ ದುಬಾರಿ ಎಂಬ ದೂರು, ಮೂರನೇ ದರ್ಜೆಯ ಪ್ರಯಾಣಿಕರ ಪಾಡು, ಹುದ್ದೆಗಳಲ್ಲಿನ ತಾರತಮ್ಯ ಎಲ್ಲ ಆ ಚರ್ಚೆಯ ಹಿಂದಿದ್ದವು. 1924ರಲ್ಲಿ ರೈಲ್ವೆ ಬಜೆಟ್ ಬೇರೆಯಾಯಿತು, 2017ರವರೆಗೂ ಹಾಗೇ ನಡೆಯಿತು. 1925ರ ಫೆಬ್ರವರಿ 3ರಂದು ವೀಟಿಯಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಅದೇ ವರ್ಷದ ಜುಲೈ 1ಕ್ಕೆ ಜಿ.ಐ.ಪಿ.ಯ ಆಡಳಿತ ನೇರವಾಗಿ ಸರ್ಕಾರಕ್ಕೆ ಬಂತು. ಚರ್ಚ್‌ಗೇಟ್ ಕಡೆಯ ಬಿ.ಬಿ.ಸಿ.ಐ. 1942ರಲ್ಲಿ, ನಮ್ಮ ಹುಬ್ಬಳ್ಳಿಯ ಮದ್ರಾಸ್ ಅಂಡ್ ಸದರ್ನ್ ಮರಾಠಾ 1944ರಲ್ಲಿ ಸರ್ಕಾರದ ಪಾಲಾದವು. ಆಗಸ್ಟ್ 15 ಬರುವಷ್ಟರಲ್ಲಿ ವಶಪಡಿಸಿಕೊಳ್ಳಲು ದೊಡ್ಡ ಖಾಸಗಿ ಕಂಪನಿ ಉಳಿದೇ ಇರಲಿಲ್ಲ. ಸ್ವತಂತ್ರ ಸರ್ಕಾರ ಮಾಡಿದ್ದು ಜೋಡಣೆಯ ಕೆಲಸ. ನಿಜಾಮನ ರೈಲು, ಸಿಂಧಿಯಾ ರೈಲು, ಧೋಲ್‌ಪುರದ ರೈಲು ಇವನ್ನು ಜಿ.ಐ.ಪಿ.ಯೊಡನೆ ಕೂಡಿಸಿ 1951ರ ನವೆಂಬರ್ 5ರಂದು ಸೆಂಟ್ರಲ್ ರೈಲ್ವೆ ಮಾಡಿತು. ಮೈಸೂರು ಸಂಸ್ಥಾನದ ರೈಲು ಅದೇ ವರ್ಷದ ಏಪ್ರಿಲ್‌ನಲ್ಲಿ ಸದರ್ನ್ ರೈಲ್ವೆಗೆ ಸೇರಿತ್ತು.

ಜೋಡಣೆ ಎಂದರೆ ಸಣ್ಣ ಮಾತಲ್ಲ. ಒಂದೊಂದು ಕಂಪನಿಗೆ ಒಂದೊಂದು ದರಪಟ್ಟಿ, ಒಂದೊಂದು ನಿಯಮ, ಒಂದೊಂದು ಅಳತೆಯ ಹಳಿ. ದೇಶ ಇಬ್ಭಾಗವಾಗಿ ಮಾರ್ಗಗಳೂ ಕಾರ್ಯಾಗಾರಗಳೂ ಗಡಿಯ ಆಚೆ ಹೋಗಿದ್ದವು. ಇದೆಲ್ಲವನ್ನೂ ಕೂಡಿಸಿ ಒಂದೇ ಟಿಕೆಟ್ಟಿನಲ್ಲಿ ಕನ್ಯಾಕುಮಾರಿಯಿಂದ ಜಮ್ಮುವಿನವರೆಗೆ ಹೋಗಬಹುದಾದ ವ್ಯವಸ್ಥೆ ಕಟ್ಟಿದವರು ನಮ್ಮವರು. ಭಾರತೀಯ ರೈಲ್ವೆ ಎಂದು ನಾವು ಕರೆಯುವ ಸಂಸ್ಥೆಯ ನಿಜವಾದ ನಿರ್ಮಾಣ ಇದೇ ಎಂದು ನಾನು ನಂಬುತ್ತೇನೆ. ಅದು ಕಂಪನಿಯಲ್ಲ, ಸರ್ಕಾರದ ಇಲಾಖೆ. ಹಾಗಾಗಿಯೇ ಮುಂಬಯಿಯ ಲೋಕಲ್‌ನಲ್ಲಿ ದಿನಕ್ಕೆ ಸುಮಾರು 70 ಲಕ್ಷ ಜನ ತಮ್ಮ ಸಂಬಳಕ್ಕೆ ಎಟುಕುವ ಪಾಸಿನಲ್ಲಿ ಓಡಾಡಬಲ್ಲರು. ಫೋರ್ಟಿನ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಕಲಿತು ಮೇಲೆ ಬಂದ ಸಾವಿರಾರು ಹುಡುಗರ ಬದುಕು ಆ ಪಾಸಿನ ಮೇಲೆ ನಿಂತಿತ್ತು. ನಾನೂ ಅವರಲ್ಲಿ ಒಬ್ಬ. ತರಗತಿ ಬಿಟ್ಟ ಮೇಲೆ ವೀಟಿಗೆ ನಡೆದು ಕೊನೆಯ ಗಾಡಿಗಳಲ್ಲಿ ಒಂದನ್ನು ಹಿಡಿದು ಉಪನಗರದ ಖೋಲಿಗೆ ಹೋಗುತ್ತಿದ್ದೆವು. ಡಬ್ಬಿಯ ದೀಪದಡಿಯಲ್ಲಿ ಲೆಕ್ಕ ಬಿಡಿಸಿದ್ದೂ ಉಂಟು.

ವೀಟಿಯ ಕಟ್ಟಡದ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ 1878ರಲ್ಲಿ ಶುರುಮಾಡಿ ಹತ್ತು ವರ್ಷದಲ್ಲಿ ಮುಗಿಸಿದ. ಖರ್ಚು ಸುಮಾರು 16 ಲಕ್ಷ ರೂಪಾಯಿ. ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಅದರ ಕೆತ್ತನೆಗಳಲ್ಲಿದೆ. 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನನಗೆ ಆ ಕಟ್ಟಡದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅದು ಇನ್ನೂ ಕೆಲಸ ಮಾಡುವ ಕಚೇರಿ ಎಂಬುದು. ನಮ್ಮ ನೆರೆಯಲ್ಲಿದ್ದ ಕಲಬುರಗಿಯ ರಾಯರೊಬ್ಬರು ಅಲ್ಲಿ ಗುಮಾಸ್ತರಾಗಿದ್ದರು. "ನಮ್ಮೂರ ಸ್ಟೇಷನ್ನಿನ ಕಾಗದ ಮೊದಲ ಸೊಲ್ಲಾಪುರಕ್ಕ ಹೋಗ್ತದ, ಅಲ್ಲಿಂದ ಇಲ್ಲಿಗೆ ಬರ್ತದ ನೋಡಪಾ. ಬೆಂಗಳೂರಿಗೆ ಏನೂ ಸಂಬಂಧ ಇಲ್ಲ" ಎನ್ನುತ್ತಿದ್ದರು. ಅದು ಇಂದಿಗೂ ನಿಜ. ಜಿ.ಐ.ಪಿ.ಯ ಹಳಿ ಸೊಲ್ಲಾಪುರ, ಕಲಬುರಗಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಮುಂಬಯಿ ಮತ್ತು ಮದ್ರಾಸು ಕೈ ಹಿಡಿದದ್ದು ಕನ್ನಡದ ಮಣ್ಣಿನಲ್ಲಿ. ಉದ್ಯಾನ್ ಎಕ್ಸ್‌ಪ್ರೆಸ್ ಇಂದಿಗೂ ಆ ದಾರಿಯಲ್ಲೇ ವೀಟಿಯಿಂದ ಬೆಂಗಳೂರಿಗೆ ಹೋಗುತ್ತದೆ. ಕಲಬುರಗಿ ಸ್ಟೇಷನ್ ಈಗಲೂ ಸೊಲ್ಲಾಪುರ ವಿಭಾಗದ ಕೆಳಗೆ, ಆ ವಿಭಾಗ ಫೋರ್ಟಿನ ಸೆಂಟ್ರಲ್ ರೈಲ್ವೆಯ ಕೆಳಗೆ. ಕಲಬುರಗಿಗೆ ಪ್ರತ್ಯೇಕ ವಿಭಾಗ ಬೇಕೆಂಬುದು ಹಳೆಯ ಬೇಡಿಕೆ, 2014ರಲ್ಲಿ ಘೋಷಣೆಯೂ ಆಗಿತ್ತು. ಆ ಬೇಡಿಕೆ ನ್ಯಾಯವಾದದ್ದು. ನೂರೈವತ್ತು ವರ್ಷಗಳ ಹಿಂದೆ ಒಂದು ಕಂಪನಿಯ ಹಳಿ ಎಲ್ಲಿಂದ ಬಂತು ಎಂಬ ಆಧಾರದ ಮೇಲೆ ಒಂದು ಜಿಲ್ಲೆಯ ಜನರ ಅಹವಾಲು ಎಲ್ಲಿಗೆ ಹೋಗಬೇಕೆಂದು ಇನ್ನೂ ನಿರ್ಧಾರವಾಗುತ್ತಿರಬೇಕೇ?

ಈಗ ಬಾಕಿ ಉಳಿದ ಕಾರವಾರದ ಕಥೆ. 1860ರ ದಶಕದಲ್ಲಿ ಮ್ಯಾಂಚೆಸ್ಟರಿಗೆ ಬೇಕಾಗಿದ್ದು, ಆಮೇಲೆ ಬೇಡವಾದದ್ದು ನಮ್ಮ ಕರಾವಳಿ. ಅಲ್ಲಿಗೆ ರೈಲು ತಂದದ್ದು ಕೊಂಕಣ ರೈಲ್ವೆ. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದು, 1974ರ ರೈಲ್ವೆ ಮುಷ್ಕರದ ಮುಂದಾಳಾಗಿದ್ದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾದಾಗ, 1990ರ ಜುಲೈನಲ್ಲಿ, ಅದಕ್ಕೆಂದೇ ನಿಗಮ ಹುಟ್ಟಿತು. ಇ. ಶ್ರೀಧರನ್ ಅದನ್ನು ಮುನ್ನಡೆಸಿದರು. ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಪಾಲು ಹಾಕಿದವು. ಉಳಿದ ಹಣಕ್ಕೆ ಬಾಂಡ್ ಹೊರಡಿಸಿದರು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 740 ಕಿಲೋಮೀಟರಿನ ಮಾರ್ಗದಲ್ಲಿ 1998ರ ಜನವರಿ 26ರಂದು ಪೂರ್ತಿ ಸಂಚಾರ ಶುರುವಾಯಿತು. ಕುಮಟಾ ಸ್ಟೇಷನ್ನಿನ ಫಲಕದ ಕೆಳಗೆ ನಿಂತು ನಮ್ಮ ಊರಿನ ಹಿರಿಯರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಕೊಂಕಣ ರೈಲ್ವೆಗೂ ಸಾಲವಿತ್ತು, ಬಡ್ಡಿಯ ಹೊರೆ ಇತ್ತು, ವರ್ಷಗಟ್ಟಲೆ ನಷ್ಟವೂ ಆಯಿತು. ಆದರೆ ಆ ಬಡ್ಡಿ ಹೋದದ್ದು ಇಲ್ಲಿ ಉಳಿತಾಯ ಮಾಡಿದವರಿಗೆ, ಆ ಹೊರೆ ಹೊರಬೇಕೆಂದು ಒಪ್ಪಿದ್ದು ನಾವು ಆರಿಸಿ ಕಳಿಸಿದ ಸರ್ಕಾರಗಳು. 1849ರ ಕರಾರಿಗೂ ಇದಕ್ಕೂ ಇರುವ ದೊಡ್ಡ ಅಂತರ ಇದು. ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡುವ ಪ್ರಸ್ತಾಪ ಈಗ ಮುಂದಿದೆ, ಮಹಾರಾಷ್ಟ್ರವೂ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಮಾರ್ಗ ಜೋಡಿಯಾಗಲು ಹಣ ಬೇಕು, ಸಣ್ಣ ನಿಗಮದಿಂದ ಆಗದು ಎನ್ನುತ್ತಾರೆ. ನಾನು ವಿಲೀನದ ಪರ. ಮಳೆಗಾಲದಲ್ಲಿ ಮಣ್ಣು ಕುಸಿದು ಗಾಡಿ ನಿಂತಾಗ ಕರಾವಳಿಯವರ ಪಾಡು ನೋಡಿದ ಯಾರಿಗಾದರೂ ಜೋಡಿ ಮಾರ್ಗದ ಅಗತ್ಯವನ್ನು ವಿವರಿಸಬೇಕಾಗಿಲ್ಲ.

ಕೊನೆಯದಾಗಿ, ದಲಾಲ್ ಸ್ಟ್ರೀಟಿನ ಬಗ್ಗೆ ಕೇಳಿದ ಓದುಗರಿಗೆ. ಭಾರತೀಯ ರೈಲ್ವೆಯ ಷೇರು ಪೇಟೆಯಲ್ಲಿಲ್ಲ, ಇಲಾಖೆಗೆ ಷೇರು ಇರುವುದಿಲ್ಲ. ನೀವು ಕೊಂಡದ್ದು ಟಿಕೆಟ್ ಮತ್ತು ಊಟ ಮಾರುವ ಐ.ಆರ್.ಸಿ.ಟಿ.ಸಿ.ಯದೋ, ಮಾರ್ಗ ಕಟ್ಟುವ ರೈಲ್ ವಿಕಾಸ್ ನಿಗಮದ್ದೋ, ರೈಲ್ವೆಗಾಗಿ ಸಾಲ ಎತ್ತುವ ಐ.ಆರ್.ಎಫ್.ಸಿ.ಯದೋ ಆಗಿರಬೇಕು. ಇವು ಮೂರೂ 2019ರಿಂದ 2021ರ ನಡುವೆ ಪೇಟೆಗೆ ಬಂದವು, ಮೂರರಲ್ಲೂ ದೊಡ್ಡ ಪಾಲು ಇನ್ನೂ ಸರ್ಕಾರದ್ದೇ. ಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ಖಾಸಗಿಯವರು ಗಾಡಿ ಓಡಿಸುವ ಮಾತು ಆಗಾಗ ಏಳುತ್ತದೆ. ಅದನ್ನು ಕಣ್ಣುಮುಚ್ಚಿ ವಿರೋಧಿಸುವವನು ನಾನಲ್ಲ. ಅಂಥ ಕರಾರು ಯಾವುದೇ ಬರಲಿ, ಅದರಲ್ಲಿ ಮೊದಲು ಓದಬೇಕಾದ ಸಾಲು ಯಾವುದೆಂದು ಜಿ.ಐ.ಪಿ. ನಮಗೆ ತೋರಿಸಿಕೊಟ್ಟಿದೆ: ಗಾಡಿ ಖಾಲಿ ಓಡಿದ ವರ್ಷ ಕೊರತೆಯನ್ನು ಯಾರು ತುಂಬಬೇಕು ಎಂಬ ಸಾಲು. ಅಲ್ಲಿ ಸರ್ಕಾರ ಎಂದಿದ್ದರೆ ಆ ಕರಾರನ್ನು ನಾವು ಇನ್ನೊಮ್ಮೆ ಓದಬೇಕು, ನಮ್ಮ ಪ್ರತಿನಿಧಿಗಳಿಗೂ ಓದಿ ಹೇಳಬೇಕು.